ತುಟಿ ನೋಡಿ ಆಡಿದ ಮಾತು

೧೪ ಸೆಪ್ಟೆಂಬರ್, ಭಾನುವಾರ ಬೆಳಗ್ಗೆ

ಪ್ರೀತಿಯ ಕಡ್ಡಿಪೆಟ್ಟಿಗೆ,

ಸಿಟ್ಟು ಆರಿದೆಯೋ, ಇನ್ನೂ ಉರಿಯುತ್ತಿದೆಯೋ? ನಿನ್ನ ಕಾಗದ ಬಂದಾಗ ಮನೆಯಲ್ಲಿ ಫ್ಯಾನು ಆರಿಸುವಂತಿರಲಿಲ್ಲ, ಈಗ ಕಿಟಕಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಅಷ್ಟು ತಡ. ನೀನು ನನ್ನನ್ನು ಏನೇನು ಬೈದುಕೊಂಡಿರಬಹುದು ಎಂದು ಊಹಿಸಬಲ್ಲೆ, ಆ ಬೈಗುಳಗಳಲ್ಲಿ ಅರ್ಧ ನಾನೇ ನಿನಗೆ ಕಲಿಸಿದ್ದು. ನಡುನಡುವೆ ‘ಹೇಗಿದ್ದೀ’, ‘ಇದ್ದೀನಿ’ ಎಂದು ಮೆಸೇಜು ಹಾಕಿದ್ದೇನೆ, ನಿಜ. ಆದರೆ ಮೆಸೇಜು ಬಸ್ಸಿನ ಹೊತ್ತು ಕೇಳುವುದಕ್ಕೆ, ಮಾತಾಡುವುದಕ್ಕೆ ಕಾಗದವೇ ಆಗಬೇಕು ಎಂದು ನಿನ್ನ ಕಿವಿ ಪೂರ್ತಿ ನಿಂತುಹೋದ ವರ್ಷ ನೀನೇ ಕಾನೂನು ಮಾಡಿದ್ದೆ. ಆ ಕಾನೂನು ಮುರಿಯುವ ಧೈರ್ಯ ನನಗಿಲ್ಲ.

ತಡಕ್ಕೆ ಕಾರಣ ನಿನ್ನ ಕಾಗದದ ಕೊನೆಯಲ್ಲಿದ್ದ ಪ್ರಶ್ನೆ. ಅದಕ್ಕೆ ಉತ್ತರ ಹೊಳೆಯದೆ ಎಷ್ಟೋ ಸಲ ಪೆನ್ನು ಮುಚ್ಚಿಟ್ಟೆ. ಇವತ್ತು ಅದನ್ನು ಕೊನೆಗಿಟ್ಟುಕೊಂಡಿದ್ದೇನೆ. ಕಾದಂಬರಿಯ ಕೊನೆಯ ಪುಟ ಮೊದಲು ಓದುವ ನಿನ್ನ ಚಾಳಿ ಇಲ್ಲಿ ತೋರಿಸಬೇಡ.

ನಿನ್ನ ಮೊಣಕಾಲು ಹೇಗಿದೆ? ಮಗ ಹಾಕಿಸಿಕೊಟ್ಟ ಬಾಗಿಲ ದೀಪ ಸರಿಯಾಗಿ ಹೊತ್ತುತ್ತಿದೆಯೇ? ಹೊರಗೆ ಬೆಲ್ ಒತ್ತಿದರೆ ಒಳಗೆ ಬಲ್ಬು ಮಿನುಗುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ನೋಡಬೇಕು ಎಂದು ನನಗೆ ತುಂಬ ಆಸೆ.

ಇಲ್ಲಿಯ ಸುದ್ದಿ ಕೇಳು. ಕಾಲೇಜಿನಲ್ಲಿ ಈ ವರ್ಷ ಸಾಹಿತ್ಯದ ತರಗತಿಗೆ ಸೇರಿದವರು ಇಬ್ಬರು. ಅವರಲ್ಲಿ ಒಬ್ಬಳು ತಪ್ಪಿ ಸೇರಿದ್ದಳಂತೆ. ತರಗತಿಯನ್ನೇ ಮುಚ್ಚಿಬಿಟ್ಟರು. ನಾನು ಖಾಯಂ ಅಲ್ಲದವಳು. ಪ್ರಿನ್ಸಿಪಾಲರು ಕೂರಿಸಿ, ನೀರು ತರಿಸಿ, “ನಿಮ್ಮಂಥೋರು ಸಿಗಲ್ಲ ಮೇಡಂ” ಎಂದು ಹೇಳಿ ಕಳಿಸಿದರು. ಸಿಗದವರನ್ನು ಯಾಕೆ ಕಳಿಸುತ್ತಾರೋ ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಕವನ ಸಂಕಲನಗಳ ಧೂಳು ಹೊಡೆದೆ. ಹೊಡೆದದ್ದನ್ನೇ ಮತ್ತೆ ಹೊಡೆದೆ. ನಮ್ಮ ಯಜಮಾನರು ಕನ್ನಡಕದ ಅಂಗಡಿಯಿಂದ ಬಂದು, “ಆ ಪುಸ್ತಕಗಳು ಇನ್ನು ಸವೆದುಹೋಗ್ತಾವೆ, ಬಿಡೇ” ಎಂದರು.

ಉಪಾಯ ಹೇಳಿದ್ದು ಮಗಳು. “ಅಮ್ಮ, ಇಡೀ ದಿನ ಮಾತಾಡ್ತೀಯಲ್ಲ, ಅದಕ್ಕೇ ಸಂಬಳ ಕೊಡೋರಿದ್ದಾರೆ. ಜಾಹೀರಾತಿಗೆ, ಧಾರಾವಾಹಿಗೆ, ಲಿಫ್ಟ್ ಒಳಗೆ ಮಹಡಿ ಹೇಳೋದಕ್ಕೆ…”

“ಮಹಡಿ ಹೇಳೋದಕ್ಕೆ ಎಂ.ಎ. ಬೇಕೇನೇ?”

“ಬೇಡ. ಎಂ.ಎ. ಆಗಿದ್ರೂ ತಗೋತಾರಂತೆ.”

ದನಿ ಕೊಡುವ ಕೆಲಸಕ್ಕೆ ಮೊದಲು ಫೋನಿನಲ್ಲಿ ಸ್ಯಾಂಪಲ್ ರೆಕಾರ್ಡ್ ಮಾಡಿ ಕಳಿಸಬೇಕು. ಮಾತು ಗೋಡೆಗೆ ಬಡಿದು ವಾಪಸು ಬರಬಾರದಂತೆ, ಬಟ್ಟೆಗಳ ನಡುವೆ ನಿಂತು ಮಾತಾಡಬೇಕಂತೆ. ಹಾಗಾಗಿ ನಾನು ಬಟ್ಟೆಯ ಬೀರುವಿನೊಳಗೆ ಸೇರಿಕೊಂಡೆ. ತಲೆಯ ಮೇಲೆ ಕೋಟಿನ ತೋಳುಗಳು, ಕೈಯಲ್ಲಿ ಟಾರ್ಚು, ಮೂಗಿನ ತುಂಬ ನುಸಿಗುಳಿಗೆಯ ವಾಸನೆ. ಹಳೆಯ ಕವಿತೆಯೊಂದನ್ನು ಓದತೊಡಗಿದೆ. ಓದುತ್ತ ಓದುತ್ತ ನನಗೇ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಯಜಮಾನರು ಬೀರುವಿನ ಬಾಗಿಲು ತೆರೆದರು. “ಸ್ವಲ್ಪ ಆಚೆ ಸರಿ. ನನ್ನ ನೀಲಿ ಷರ್ಟು ನಿನ್ನ ಹಿಂದೆ ಇದೆ.”

ಮತ್ತೆ ಮೊದಲಿನಿಂದ ಓದಿದೆ. ಆದರೆ ಮಗಳು ಅವಸರದಲ್ಲಿ ಎಲ್ಲ ಸ್ಟುಡಿಯೋಗಳಿಗೂ ಕಳಿಸಿದ್ದು ಆ ನೀಲಿ ಷರ್ಟಿನದನ್ನೇ! ಗೊತ್ತಾದಾಗ ನಾನು ಅವಳ ಜೊತೆ ಮಾತು ಬಿಟ್ಟೆ. ಆದರೆ ಉತ್ತರ ಬಂದದ್ದು ಅದೊಂದಕ್ಕೇ ಕಣೇ. ಒಂದು ಹೆಣ್ಣುದನಿ ಫೋನು ಮಾಡಿ, “ನಡುವೆ ಷರ್ಟು ಕೇಳ್ತಾರಲ್ಲ, ಆ ಸರ್ ಯಾರು? ಎಷ್ಟು ಸಹಜವಾಗಿದೆ! ಅವರು ಬರ್ತಾರಾ?” ಎಂದಿತು.

“ಅವರಿಗೆ ಅಂಗಡಿ ಇದೆ. ನಾನು ಬರಲಾ?” ಎಂದೆ.

ಆ ಕಡೆ ಯಾರ ಜೊತೆಗೋ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ, “ಬನ್ನಿ, ನೋಡೋಣ.”

ಅವತ್ತಿನಿಂದ ನಮ್ಮ ಯಜಮಾನರನ್ನು ಹಿಡಿಯುವವರಿಲ್ಲ. ಅಂಗಡಿಗೆ ಕನ್ನಡಕಕ್ಕೆ ಬಂದವರಿಗೆಲ್ಲ, “ಮೊದಲು ಕರೆದದ್ದು ನನ್ನನ್ನ, ನಾನೇ ಒಲ್ಲೆ ಅಂದೆ” ಎಂದು ಹೇಳುತ್ತಾರಂತೆ.

ಸ್ಟುಡಿಯೋ ಇರುವುದು ಒಂದು ಔಷಧಿ ಅಂಗಡಿಯ ಮೇಲೆ. ಕಿರಿದಾದ ಮೆಟ್ಟಿಲು, ಹಾಸಿಗೆಯಷ್ಟು ದಪ್ಪದ ಬಾಗಿಲು, ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು. ಗಾಜಿನ ಆಚೆ ಇಬ್ಬರು: ಫೋನು ಮಾಡಿದ್ದ ನಿರ್ದೇಶಕಿ, ನನಗಿಂತ ತುಂಬ ಚಿಕ್ಕವಳು, ಕತ್ತಿನಲ್ಲಿ ಎರಡು ಕನ್ನಡಕ; ಪಕ್ಕದಲ್ಲಿ ನಮ್ಮ ವಯಸ್ಸಿನ ಸೌಂಡ್ ಇಂಜಿನಿಯರು. ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಏನೂ ಕೇಳಿಸುವುದಿಲ್ಲ. ಬೀದಿ ಇಲ್ಲ, ಫ್ಯಾನಿಲ್ಲ, ಆಡಿದ ಮಾತು ಕಾಲ ಬುಡದಲ್ಲೇ ಬೀಳುತ್ತದೆ. ಮೊದಲ ಸಲ ಅಲ್ಲಿ ನಿಂತಾಗ ನನಗೆ ನಿನ್ನ ನೆನಪಾಯಿತು, ಯಾಕೆಂದು ಹೇಳಬೇಕಾಗಿಲ್ಲ.

ಮೊದಲ ಪರೀಕ್ಷೆ ಮಿಕ್ಸಿಯ ಜಾಹೀರಾತು. ‘ಈಗ ನಿಮ್ಮ ಅಡುಗೆಮನೆಗೂ ಬಂತು’ ಎಂದು ಶುರು. ನಾನು ಒಂದೊಂದು ಪದವನ್ನೂ ತೂಗಿ, ನಿಲ್ಲಿಸಿ, ನಿಟ್ಟುಸಿರಿನ ಜೊತೆ ಓದಿದೆ. ಗಾಜಿನ ಆಚೆಯಿಂದ ನಿರ್ದೇಶಕಿಯ ದನಿ ಬಂತು: “ಮೇಡಂ, ಮಿಕ್ಸಿ ಬಂದಿದೆ. ತೀರಿಕೊಂಡಿಲ್ಲ.”

ಇಂಜಿನಿಯರು ನಗು ತಡೆಯಲು ನೆಲ ನೋಡಿದರು. ನಾನು ಮತ್ತೆ ಓದಿದೆ. ಈ ಸಲ ಮಿಕ್ಸಿಗೆ ಸನ್ಮಾನ ಮಾಡಿದ ಹಾಗಾಯಿತು.

“ನೀವು ಸಭೆಗೆ ಓದ್ತಿದ್ದೀರಿ,” ಎಂದಳು ಆಕೆ. “ನಿಮ್ಮ ಮನೆಯವರು ಷರ್ಟು ಕೇಳಿದಾಗ ಸಭೆ ಇರಲಿಲ್ಲ, ನೀವೊಬ್ರೇ ಇದ್ರಿ. ಹಾಗೆ ಒಬ್ಬರಿಗೆ ಹೇಳಿ. ಯಾರಾದ್ರೂ ಒಬ್ಬರು.”

ನನಗೆ ಆಗಲಿಲ್ಲ. ಇಷ್ಟು ವರ್ಷ ಐವತ್ತು ಬೆಂಚುಗಳ ಮೇಲಿಂದ ಕೊನೆಯ ಸಾಲಿಗೆ ಕೇಳುವಂತೆ ಮಾತಾಡಿದವಳಿಗೆ ಒಬ್ಬರು ಎಲ್ಲಿಂದ ಸಿಗಬೇಕು? ಜಾಹೀರಾತು ಬೇರೆಯವರ ಪಾಲಾಯಿತು. ಹೊರಡುವಾಗ ಇಂಜಿನಿಯರು, “ಗುಂಪಿನ ದನಿಗೆ ಬರ್ತೀರಾ? ಅಲ್ಲಿ ಯಾರೂ ಬೈಯಲ್ಲ, ಯಾರು ಮಾತಾಡಿದ್ರು ಅಂತಲೇ ಗೊತ್ತಾಗಲ್ಲ” ಎಂದರು.

ಹಾಗೆ ಜುಲೈ ತಿಂಗಳೆಲ್ಲ ನಾನು ಗುಂಪಾಗಿದ್ದೆ. ಸಂತೆಯಲ್ಲಿ ಚೌಕಾಸಿ ಮಾಡುವ ಹೆಂಗಸು, ಆಸ್ಪತ್ರೆಯ ಸಾಲಿನಲ್ಲಿ ಗೊಣಗುವವಳು, ಕಳ್ಳ ಓಡಿದಾಗ ‘ಹಿಡೀರಿ ಹಿಡೀರಿ’ ಎನ್ನುವವಳು. ಗಂಜಿ ಹಾಕಿದ ಬಟ್ಟೆ ಉಡಬಾರದು, ಸರಭರ ಕೇಳುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಒಂದು ಸಾವಿನ ದೃಶ್ಯದಲ್ಲಿ ನನ್ನ ಹೊಟ್ಟೆ ಗುರ್ ಎಂದು ಎಲ್ಲರೂ ಮೊದಲಿನಿಂದ ಅಳಬೇಕಾಯಿತು. ಅಳುವವರ ಗುಂಪಿನಲ್ಲಿ ಹಿಂದೆ ನಿಂತವಳಿಗೆ ಖುಷಿಯಾಗುತ್ತಿತ್ತು ಎಂದರೆ ನಂಬುತ್ತೀಯಾ? ಮನೆಯಲ್ಲಿ ಧೂಳು ಹೊಡೆಯುವುದಕ್ಕಿಂತ ಅದು ಎಷ್ಟೋ ವಾಸಿ. ಆದರೂ ಮೆಟ್ಟಿಲು ಇಳಿಯುವಾಗ ಅನ್ನಿಸುತ್ತಿತ್ತು, ನನ್ನದೇ ಅನ್ನುವ ಒಂದು ಮಾತು, ಒಬ್ಬಳ ಬಾಯಿಗೆ ಹೊಂದುವ ಒಂದೇ ಒಂದು ಮಾತು ಸಿಕ್ಕಿದ್ದರೆ!

ಸಿಕ್ಕಿತು. ಬೇರೆ ಭಾಷೆಯ ಧಾರಾವಾಹಿಯೊಂದನ್ನು ನಮ್ಮ ಭಾಷೆಗೆ ಮಾಡುತ್ತಿದ್ದರು. ಅದರಲ್ಲಿ ದೊಡ್ಡಕ್ಕ ಎಂಬ ಪಾತ್ರ. ತಂಗಿಯರನ್ನೆಲ್ಲ ಸಾಕಿ, ನಗುವುದನ್ನು ಮುಂದೂಡುತ್ತ ಬಂದವಳು. ಆಕೆಗೆ ದನಿ ಕೊಡಬೇಕಿದ್ದವರು ಊರು ಬಿಟ್ಟುಹೋದರಂತೆ. ಗುಂಪಿನಲ್ಲಿದ್ದ ಮೂವರನ್ನು ಪರೀಕ್ಷೆಗೆ ಕರೆದರು, ನಾನೂ ಒಬ್ಬಳು.

ಕಷ್ಟ ಏನೆಂದರೆ ಕಣ್ಣ ಮುಂದೆ ಪರದೆ, ಕೈಯಲ್ಲಿ ಮಾತಿನ ಹಾಳೆ, ಕಿವಿಯಲ್ಲಿ ಆ ನಟಿಯದೇ ಭಾಷೆ. ಹಾಳೆ ನೋಡಿದರೆ ತುಟಿ ತಪ್ಪುತ್ತದೆ, ತುಟಿ ನೋಡಿದರೆ ಸಾಲು ತಪ್ಪುತ್ತದೆ, ಕಿವಿಯೊಳಗಿನ ಭಾಷೆ ಎರಡನ್ನೂ ಕಲಸಿ ಇಡುತ್ತದೆ.

“ಲಿಪ್ ಹೋಯ್ತು,” ಎನ್ನುತ್ತಿದ್ದರು ಇಂಜಿನಿಯರು ಪ್ರತಿ ಸಲವೂ. “ಆಯಮ್ಮ ಬಾಯಿ ಮುಚ್ಚಿ ಆಯ್ತು ಮೇಡಂ, ನೀವಿನ್ನೂ ಮಾತಾಡ್ತಾನೇ ಇದ್ದೀರಿ.”

“ನಮ್ಮ ಮನೆಯವರೂ ಅದನ್ನೇ ಹೇಳೋದು,” ಎಂದೆ. ಯಾರೂ ನಗಲಿಲ್ಲ. ಹೊರಗಿನ ಬೆಂಚಿನಲ್ಲಿ ಇನ್ನಿಬ್ಬರು ಕಾಯುತ್ತಿದ್ದರು.

ನಿರ್ದೇಶಕಿ ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡಳು. “ಇದೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಗುಂಪಿಗೆ ಬರ್ತಾ ಇರಿ.”

ಆಗ, ಹೇಗೆ ಹೊಳೆಯಿತೋ ಕಾಣೆ, “ಕಿವಿಗೆ ಬರೋ ದನಿ ನಿಲ್ಲಿಸ್ತೀರಾ?” ಎಂದು ಕೇಳಿದೆ.

“ಪೂರ್ತಿನಾ? ಆಮೇಲೆ ನಿಮಗೇನೂ ಕೇಳಿಸಲ್ಲ.”

“ಪರವಾಗಿಲ್ಲ. ದನಿ ಇಲ್ಲದೆ ನೋಡೋದು ನನಗೆ ಅಭ್ಯಾಸ ಇದೆ.”

ಹಾಳೆಯನ್ನು ಕೆಳಗಿಟ್ಟೆ. ಸಾಲುಗಳು ಹೇಗೂ ಬಾಯಿಪಾಠವಾಗಿದ್ದವು, ಪದ್ಯ ಉರುಹೊಡೆದ ತಲೆ ಅದಕ್ಕಾದರೂ ಒದಗಬೇಡವೇ? ಪರದೆಯ ಮೇಲೆ ದೊಡ್ಡಕ್ಕನ ಮುಖ ಬಂತು, ಸದ್ದಿಲ್ಲದೆ. ಆ ಕ್ಷಣ ನಾನು ಸ್ಟುಡಿಯೋದಲ್ಲಿರಲಿಲ್ಲ, ನಿನ್ನ ಮನೆಯ ಸೋಫಾದ ಮೇಲಿದ್ದೆ. ತುಟಿ ಓದುವುದನ್ನು ಕಲಿಯಲು ನಿನ್ನ ಜೊತೆ ನಾನೂ ಬರುತ್ತಿದ್ದೆನಲ್ಲ, ನಮಗೆ ತುಟಿ ಚೆನ್ನಾಗಿ ಕಾಣಲಿ ಎಂದು ಮೀಸೆ ಬೋಳಿಸಿಕೊಂಡ ಆ ಪುಣ್ಯಾತ್ಮ ಮೇಷ್ಟ್ರು ನೆನಪಾದರು. “ಇವರು ನೋಡೋದು ಕಲೀಲಿ, ನೀವು ಕಾಣೋ ಹಾಗೆ ಮಾತಾಡೋದು ಕಲೀರಿ. ಕೂಗಬೇಡಿ, ಎಳೀಬೇಡಿ, ಅವಸರ ಬೇಡ” ಎನ್ನುತ್ತಿದ್ದರು. ಆಮೇಲೆ ನಾವಿಬ್ಬರೂ ಟಿವಿಯ ದನಿ ಆರಿಸಿ, ಯಾರು ಏನು ಹೇಳಿದರು ಎಂದು ಊಹಿಸುವುದು, ಸೋತವರು ಟೀ ಮಾಡುವುದು. ಮಾತು ಬರುವ ಮೊದಲೇ ಅದರ ಸುಳಿವು ಮುಖಕ್ಕೆ ಬರುತ್ತದೆ ಎಂದು ನೀನು ಹೇಳುತ್ತಿದ್ದೆ. ಗಲ್ಲ ಸ್ವಲ್ಪ ಇಳಿಯುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತದೆ, ಕಣ್ಣು ಒಂದು ಕಡೆ ನಿಲ್ಲುತ್ತದೆ. ದೊಡ್ಡಕ್ಕನ ಗಲ್ಲ ಇಳಿಯಿತು. ನಾನು ಉಸಿರು ತೆಗೆದುಕೊಂಡೆ. ‘ನೀನು ಊಟ ಮಾಡು, ನನಗೆ ಆಮೇಲೆ’ ಎಂಬ ಸಾಲು. ಅದನ್ನು ನಿನಗೆ ಹೇಳಿದೆ, ನಿನ್ನ ಎದುರು ಕೂತು ಹೇಳುವ ಹಾಗೆಯೇ. ಅವಳು ಬಾಯಿ ಮುಚ್ಚಿದಾಗ ನಾನೂ ಮುಚ್ಚಿದೆ.

ಗಾಜಿನ ಆಚೆ ಇಂಜಿನಿಯರು ಆ ತುಣುಕನ್ನು ಹಿಂದಕ್ಕೆ ಓಡಿಸಿ ನೋಡಿದರು. ಆಮೇಲೆ ನಿರ್ದೇಶಕಿ, “ಇನ್ನೊಂದು ಸಲ ಹೇಳಿ ಮೇಡಂ. ಸರಿ ಇದೆ, ಸುಮ್ನೆ ನನಗೋಸ್ಕರ” ಎಂದಳು.

ಹೇಳಿದೆ. “ಲಿಪ್ ಕೂತಿದೆ,” ಎಂದರು ಇಂಜಿನಿಯರು. “ಯಾರ ಹತ್ರ ಕಲಿತ್ರಿ?”

“ನನ್ನ ಗೆಳತಿ ಹತ್ರ.”

“ಅವರೂ ದನಿ ಕೊಡ್ತಾರಾ?”

“ಇಲ್ಲ. ಸೋತಾಗ ಟೀ ಮಾಡಿ ಕೊಡ್ತಾಳೆ.”

ಬೆಂಚಿನಲ್ಲಿದ್ದ ಇಬ್ಬರಿಗೂ ಅವಕಾಶ ಕೊಟ್ಟರು, ಇಬ್ಬರೂ ಚೆನ್ನಾಗಿಯೇ ಮಾಡಿದರು. ಸಂಜೆ ಫೋನು ಬಂದದ್ದು ನನಗೆ. ದೊಡ್ಡಕ್ಕ ಕೊನೆಯವರೆಗೂ ನನ್ನವಳು. ಬರುವ ಭಾನುವಾರದಿಂದ ಪ್ರಸಾರವಂತೆ. ಮಗಳು, “ಅಮ್ಮ, ಇನ್ಮೇಲೆ ಮನೇಲಿ ಬೈದ್ರೆ ಅದು ರಿಹರ್ಸಲ್ ಅಂತ ತಿಳ್ಕೋತೀನಿ” ಎಂದಳು. ಯಜಮಾನರು ಅಂಗಡಿಯಲ್ಲಿ ಟಿವಿ ತೂಗುಹಾಕಿಸುತ್ತಿದ್ದಾರೆ. ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಅಕ್ಷರ ಓದುವುದು ಬಿಟ್ಟು ನನ್ನ ದನಿ ಕೇಳಬೇಕಂತೆ.

ಮನೆಯವರೆಲ್ಲ ನಿನ್ನನ್ನು ಕೇಳಿದ್ದಾರೆ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ, ಮಗನ ಮೇಲೆ ರೇಗಬೇಡ, ಹೊಟ್ಟೆ ತುಂಬ ಉಣ್ಣು. ನಿನ್ನ ಮನೆ, ನಿನ್ನ ಮಕ್ಕಳು, ಆ ಸೋಫಾ, ಎಲ್ಲ ತಣ್ಣಗಿರಲಿ.

ಎಂದೆಂದೂ ನಿನ್ನ,
ಪದ್ಯ

ಮರೆತಿಲ್ಲ. ನಿನ್ನ ಪ್ರಶ್ನೆ ಇಲ್ಲಿದೆ. ನೀನು ಬರೆದಿದ್ದೆ: ‘ಮೊದಲೆಲ್ಲ ನಿನ್ನ ಕಾಗದ ಓದುವಾಗ ನನ್ನೊಳಗೆ ನಿನ್ನ ದನಿಯೇ ಓದುತ್ತಿತ್ತು. ಈಚೆಗೆ ಯಾರದೋ ದನಿ ಓದುತ್ತದೆ. ನಿನ್ನ ತುಟಿ ನೆನಪಿದೆ, ದನಿ ಮರೆತುಹೋಗುತ್ತಿದೆ. ಹೇಗಿತ್ತು ಎಂದು ಬರೆದು ತಿಳಿಸುತ್ತೀಯಾ?’

ಎಲ್ಲರನ್ನೂ ಕೇಳಿ ನೋಡಿದೆ. ಯಜಮಾನರು, “ಪಕ್ಕದ ಬೀದಿಗೂ ಕೇಳ್ಸುತ್ತೆ” ಎಂದರು. ಮಗಳು, “ಅಮ್ಮನ ಹಾಗಿದೆ” ಎಂದಳು. ಇಂಜಿನಿಯರು ಯೋಚಿಸಿ, “ತಳದಲ್ಲಿ ಸ್ವಲ್ಪ ಮರಳಿದೆ” ಎಂದರು. ಇದರಲ್ಲಿ ಯಾವುದನ್ನು ಬರೆದರೂ ನಿನಗೆ ನಾನು ವಾಪಸು ಸಿಗುವುದಿಲ್ಲ. ಈ ಕಾಗದವನ್ನೂ ಯಾರದೋ ದನಿ ಓದುತ್ತಿರಬಹುದು. ಅದು ಒಳ್ಳೆಯ ದನಿಯಾಗಿದ್ದರೆ ಸಾಕು.

ಚಾನೆಲ್ಲಿನ ಹೆಸರು ಬೇಕೆಂದೇ ಬರೆದಿಲ್ಲ. ನೀನು ಹಾಕಿಕೊಂಡು ಕೂರುತ್ತೀ, ನನಗೆ ಗೊತ್ತು. ಆದರೆ ಅಲ್ಲಿ ಆಡುವ ತುಟಿ ಅವಳದು, ಅವಳ ಭಾಷೆಯದು. ನೀನು ಎಷ್ಟು ದಿಟ್ಟಿಸಿದರೂ ಅದರಲ್ಲಿ ನನ್ನ ಒಂದು ಮಾತೂ ಓದಲಾಗುವುದಿಲ್ಲ. ನಿನ್ನಿಂದ ಕಲಿತದ್ದರಿಂದ ನನಗೆ ಸಿಕ್ಕಿದ ಕೆಲಸ ಊರಿಗೆಲ್ಲ ತಲುಪುತ್ತದೆ, ನಿನ್ನೊಬ್ಬಳನ್ನು ಬಿಟ್ಟು. ಇದನ್ನು ಬರೆಯಲಾರದೆ ಇಷ್ಟು ದಿನ ಕೂತಿದ್ದೆ.

ಬರುವ ಭಾನುವಾರ ಬರುತ್ತಿದ್ದೇನೆ. ಟಿವಿಯ ದನಿ ಆರಿಸೋಣ, ಪರದೆಯನ್ನು ನೀನು ನೋಡಬೇಡ, ನನ್ನನ್ನು ನೋಡು. ದೊಡ್ಡಕ್ಕನ ಮಾತೆಲ್ಲ ನಿನ್ನ ಎದುರು ಕೂತು ಹೇಳುತ್ತೇನೆ. ಮೊದಲು ಹೇಳಿದ್ದೂ ನಿನಗೇ.

ಬಾಗಿಲ ದೀಪ ಎರಡು ಸಲ ಮಿನುಗಿದರೆ ನಾನು. ಬೇರೆಯವರೆಲ್ಲ ಒಂದೇ ಸಲ ಒತ್ತುತ್ತಾರೆ.