ನೂರಕ್ಕೆ ಮೂವತ್ತೊಂದು

ಹಲಸೂರು
೧೭ ಜೂನ್ ೨೦೦೧

ಮುನಿಸಿಕೊಂಡಿರುವ ನನ್ನ ಪತಿರಾಯ ಆನಂದ್ ಅವರಿಗೆ, ಅಕ್ಕನ ಮನೆಯಿಂದ ಶ್ವೇತಳ ನಮಸ್ಕಾರ.

ಫೋನಿನಲ್ಲಿ ನೀವು ಕೂಗಾಡಿದ್ದು ಅಕ್ಕನ ಅಡುಗೆಮನೆಯವರೆಗೂ ಕೇಳಿಸಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ಮಾಲೀಕರಾದ ಚಂದ್ರಾಮಪ್ಪನವರು ಕೇಳಿಕೊಂಡರೆಂದು ಹೊರಮಾವಿನಲ್ಲಿ ನೀವು ಕಟ್ಟಿದ ಹೊಸ ಆಸ್ಪತ್ರೆ ಭೂಕಂಪಕ್ಕೆ ಎಷ್ಟು ಸಿದ್ಧವೆಂದು ಅಳೆದೆ, ನೂರಕ್ಕೆ ಮೂವತ್ತೊಂದು ಅಂಕ ಕೊಟ್ಟೆ. ಮನೆ ಬಿಟ್ಟ ಸಿಟ್ಟಿಗೆ ಹಾಗೆ ಮಾಡಿದಳು ಎಂದಿರಂತೆ. ಅಯ್ಯೋ, ಸಿಟ್ಟಿಗಾದರೆ ಸೊನ್ನೆ ಕೊಡುತ್ತಿದ್ದೆ. ನಿಮ್ಮ ಕಂಬ, ತೊಲೆಗಳಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ ರೀ. ಆದರೆ ಭೂಕಂಪವಾದ ಮೇಲೆ ಕಟ್ಟಡ ನಿಂತಿರುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು. ಒಳಗೆ ಚಿಕಿತ್ಸೆ ನಡೆಯಬೇಕು.

ಭೂಕಂಪದಿಂದ ಆಸ್ಪತ್ರೆಗಳಿಗಾದ ಹಾನಿ ನೋಡಲು ಫೆಬ್ರವರಿಯಲ್ಲಿ ನಾನು ಕಛ್‌ಗೆ ಹೊರಟಾಗ, ಹೋದರೆ ವಾಪಸ್ ಬರಬೇಡ ಎಂದಿರಿ. ಹೋದೆ. ಅಲ್ಲೊಂದು ಆಸ್ಪತ್ರೆಯ ಗೋಡೆಯಲ್ಲಿ ಒಂದೂ ಬಿರುಕಿರಲಿಲ್ಲ. ಚಾವಣಿಯ ಟ್ಯಾಂಕ್ ಮಗುಚಿ, ಅದರ ನೀರಿಳಿದು ನೆಲಮಾಳಿಗೆಯ ಜನರೇಟರ್ ಕೆಟ್ಟಿತ್ತು. ಆಕ್ಸಿಜನ್ ಸಿಲಿಂಡರುಗಳು ಉರುಳಿ ಪೈಪು ಕಿತ್ತುಹೋಗಿತ್ತು. ಡಾಕ್ಟರುಗಳಿದ್ದೂ ಗಾಯಾಳುಗಳನ್ನು ಲಾರಿಯಲ್ಲಿ ಬೇರೆ ಊರಿಗೆ ಸಾಗಿಸಿದರಂತೆ. ದಾರಿಯಲ್ಲೇ ಎಷ್ಟೋ ಜನ ಹೋದರು. ಅದನ್ನು ಹೇಳಿದ ನರ್ಸಮ್ಮನ ಎದುರು ನಾನು ಅತ್ತುಬಿಟ್ಟೆ. ನಿಮ್ಮಲ್ಲೂ ಜನರೇಟರ್ ನೆಲಮಾಳಿಗೆಯಲ್ಲೇ ಇದೆ, ಸಿಲಿಂಡರುಗಳಿಗೆ ಸರಪಳಿಯಿಲ್ಲ.

ಬೆಂಗಳೂರಿನಲ್ಲಿ ಎಂಥಾ ಭೂಕಂಪ ಅಂತೀರಿ. ಜನವರಿಯಲ್ಲಿ ಪಾತ್ರೆಗಳು ಅಲುಗಾಡಿದಾಗ ಬನಿಯನ್ನಿನಲ್ಲೇ ಬೀದಿಗೆ ಓಡಿದವರು ಯಾರು ಸ್ವಾಮಿ?

ನಿಮ್ಮ ಪರ ಮಾತಾಡಲು ಚಂದ್ರಾಮಪ್ಪನವರನ್ನೇ ಇಲ್ಲಿಗೆ ಕಳಿಸಿದಿರಿ. ಅವರು ಎಲ್ಲ ಕೇಳಿಸಿಕೊಂಡು, "ನೀನು ಸೈನ್ ಹಾಕೋವರ್ಗೂ ನಾನು ಆಸ್ಪತ್ರೆ ಬಾಗ್ಲು ತೆಗಿಯಲ್ಲಮ್ಮ. ಗಂಡ ಹೆಂಡ್ತಿ ಜಗಳ ನಂಗ್ಯಾಕೆ" ಎಂದು ಕಾಫಿ ಕುಡಿದು ಹೋದರು.

ಜನರೇಟರನ್ನು ಮೇಲಕ್ಕೆ ತನ್ನಿ, ಟ್ಯಾಂಕ್ ಬಿಗಿಸಿ, ಸಿಲಿಂಡರುಗಳನ್ನು ಗೋಡೆಗೆ ಕಟ್ಟಿಸಿ. ಬೇರೆಯವರಿಗೆ ಒಂದು ತಿಂಗಳ ಕೆಲಸ, ನಿಮಗೆ ಹದಿನೈದು ದಿನ ಸಾಕು. ಬೆಣ್ಣೆ ಹಚ್ಚುತ್ತಿಲ್ಲ, ನಿಮ್ಮ ಕೆಲಸ ನನಗೆ ಗೊತ್ತು. ಮುಗಿದ ಮೇಲೆ ಕರೆಯಿರಿ, ಮತ್ತೆ ಅಳೆಯಲು ಬರುತ್ತೇನೆ. ಮನೆಗೂ ಕರೆದರೆ ಬರಲು ನನಗೇನೂ ಬೇಸರವಿಲ್ಲ.

ಅಂಕ ಮಾತ್ರ ತಿದ್ದದ, ಇನ್ನೂ ನಿಮ್ಮವಳೇ ಆದ
ಶ್ವೇತ

ಮರೆತಿದ್ದೆ: ನಿಮಗೆ ಹೇಳಬೇಡ ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರು, ಆದರೂ ಹೇಳುತ್ತಿದ್ದೇನೆ. ಅವರ ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಆಗಲೇಬೇಕು. ಮಗ ಕಟ್ಟಿದ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಒಲ್ಲರು. ನೋವು ನುಂಗಿಕೊಂಡು ಕೂತಿದ್ದಾರೆ. "ಹಾಗಾದರೆ ನಿಮಗೋಸ್ಕರ ಈಗಲೇ ಸೈನ್ ಹಾಕಿಬಿಡಲೇ ಅತ್ತೆ?" ಎಂದು ಕೇಳಿದೆ. "ಬೇಡ ಕಣಮ್ಮ. ಅವ್ನು ಸರಿ ಮಾಡ್ಲಿ, ನೀನು ಪಾಸ್ ಮಾಡು, ಆಮೇಲೆ ಅಲ್ಲಿ ಮಲಗ್ತೀನಿ" ಎಂದರು.