ಲೈನಲ್ಲಿದ್ದೀರಾ?

ಮನೆ, ಕಿಟಕಿ ಪಕ್ಕದ ಕುರ್ಚಿ
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪಿಟೀಲು,

ಹೇಗಿದ್ದೀಯ? ಗಂಟಲು ನೋವು ಹೋಯಿತೇ? ಆ ಚಳಿಗೆ ಮಫ್ಲರು ಸುತ್ತಿಕೊಳ್ಳುತ್ತಿದ್ದೀಯೋ, ಇಲ್ಲ ಈ ಸಲವೂ ಅದನ್ನು ನಿನ್ನ ಶಾಲೆಯ ಯಾವುದೋ ಮಗುವಿನ ಕುತ್ತಿಗೆಗೆ ದಾನ ಮಾಡಿದ್ದೀಯೋ? ತೊಟ್ಟಿಲಲ್ಲಿ ನೀನು ಅಳುತ್ತಿದ್ದ ಶ್ರುತಿ ಕೇಳಿ ನಾನಿಟ್ಟ ಹೆಸರು ಪಿಟೀಲು. ಈಗ ಅದೇ ತಂತಿಯಲ್ಲಿ ಒಂದು ಕೋಣೆ ತುಂಬ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತೀಯ, ಜೋಪಾನ. ಬಿಸಿನೀರು ಕುಡಿ. ಫೋನಿನಲ್ಲಿ ಮುಗಿಸಬಹುದಾದ ಮಾತಿಗೆ ಅಪ್ಪ ಯಾಕೆ ಇಷ್ಟು ಕಾಗದ ಹಾಳು ಮಾಡುತ್ತಿದ್ದಾನೆ ಎಂದು ನೀನು ಕೇಳುತ್ತೀಯ, ಗೊತ್ತು. ನಿನ್ನ ಬೆಟ್ಟದಲ್ಲಿ ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕಿನ ಏಣಿ ಹತ್ತಬೇಕು. ಏಣಿಯ ಮೇಲೆ ನಿಂತವಳಿಗೆ ಕೆಲವು ಸುದ್ದಿ ಹೇಳಬಾರದು. ಆದ್ದರಿಂದ ಕೂತುಕೊಂಡು ಓದು. ಗೋಡೆಗೆ ಒರಗಿ ಕೂತರೆ ಇನ್ನೂ ಒಳ್ಳೆಯದು.

ಸುದ್ದಿ ಏನೆಂದರೆ, ನಾವು ಸ್ಕೂಟರ್ ಕೊಂಡಿದ್ದೇವೆ. ಇಷ್ಟಕ್ಕೆ ಗೋಡೆ ಯಾಕೆ ಅನ್ನಬೇಡ, ಗೋಡೆ ಬೇಕಾಗುವ ಭಾಗ ಈಗ ಬರುತ್ತದೆ. ಹೋದ ತಿಂಗಳು ತರಕಾರಿ ಅಂಗಡಿಯ ಮುಂದೆ ಅಪ್ಪನ ಕಾಲು ಜಾರಿತು ಎಂದು ಅಮ್ಮ ಹೇಳಿದ್ದಳಲ್ಲ, ಜಾರಿದ್ದು ಕಾಲಲ್ಲ. ಟೊಮೇಟೊ ಒತ್ತಿ ನೋಡುತ್ತ ನಿಂತಿದ್ದವನು ಕಣ್ಣು ಬಿಟ್ಟಾಗ ಟೊಮೇಟೊಗಳ ನಡುವೆ ಮಲಗಿದ್ದೆ. ಅಂಗಡಿಯಾಕೆ ನನ್ನ ಮುಖಕ್ಕೆ ನೀರು ಚಿಮುಕಿಸುತ್ತ, ಕೈಯಲ್ಲಿ ಹೇಗೂ ನೀರಿದೆಯಲ್ಲ ಎಂದು ಪಕ್ಕದ ಸೊಪ್ಪಿಗೂ ಚಿಮುಕಿಸುತ್ತಿದ್ದಳು. ಆಮೇಲೆ ಹೃದಯದ ಡಾಕ್ಟರು ಎದೆಗೆಲ್ಲ ತಂತಿ ಅಂಟಿಸಿ, ಹೊರಬಂದ ಕಾಗದದ ಪಟ್ಟಿ ನೋಡಿ, ನನ್ನ ಹೃದಯ ಬಡಿಯುವಾಗ ನಡುನಡುವೆ ನಿಂತುಬಿಡುತ್ತದೆ ಎಂದರು. ಜೀವನವಿಡೀ ಹುಡುಗರ ಉತ್ತರಪತ್ರಿಕೆಯಲ್ಲಿ ಅಲ್ಪವಿರಾಮ ಹಾಕಿ ಹಾಕಿ ಅದಕ್ಕೂ ಚಟ ಹತ್ತಿರಬೇಕು ಎಂದೆ. ಅವರು ನಗಲಿಲ್ಲ. ಪೂರ್ಣವಿರಾಮಕ್ಕೆ ಮೊದಲೇ ಭುಜದ ಮೂಳೆಯ ಕೆಳಗೆ ಒಂದು ಪುಟ್ಟ ಯಂತ್ರ ಕೂರಿಸಿ, ಅದರ ವೈರನ್ನು ಹೃದಯದೊಳಕ್ಕೆ ಇಳಿಸಬೇಕಂತೆ. ಯೋಚನೆ ಮಾಡಿ ಹೇಳ್ತೀನಿ ಅಂದೆ. “ಯೋಚನೆ ಮಾಡೋಕೆ ರಕ್ತ ತಲೆಗೆ ಹೋಗ್ಬೇಕಲ್ಲ ಮೇಷ್ಟ್ರೇ” ಅಂದರು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿದವನು. ಮನುಷ್ಯರೆಲ್ಲ ಮರ್ತ್ಯರು ಎಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಒರೆಸಿದ್ದೇನೆ. ಆ ‘ಎಲ್ಲ’ದಲ್ಲಿ ನಾನೂ ಸೇರಿದ್ದೇನೆಂದು ಅಲ್ಲಿ ಆ ಸ್ಟೂಲಿನ ಮೇಲೆ ಅಂಗಿ ಬಿಚ್ಚಿ ಕೂತಿದ್ದಾಗ ಹೊಳೆಯಿತು. ಮಗಳೇ, ನನಗೆ ಆ ವೈರಿನ ಭಯ. ಇದರಲ್ಲಿ ತಮಾಷೆ ಇಲ್ಲ. ಕಣ್ಣು ಮುಚ್ಚಿದರೆ ನನ್ನೊಳಗೆ ಯಾರೋ ವೈರಿಂಗ್ ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ.

ಡಾಕ್ಟರು ಇನ್ನೊಂದು ಮಾತು ಹೇಳಿದರು, ಆಪರೇಷನ್ ಆಗುವ ತನಕ ನಾನು ಗಾಡಿ ಓಡಿಸಕೂಡದು. ಮುಳುಗುವವನಿಗೆ ಹಲಗೆ ಸಿಕ್ಕ ಹಾಗಾಯಿತು. ನಮ್ಮ ಓಣಿಯ ಹೆಸರು ಕೇಳಿದರೇ ಬಾಡಿಗೆ ಕಾರಿನವರು ಕ್ಯಾನ್ಸಲ್ ಮಾಡುತ್ತಾರೆ, ದಿನಸಿ, ಔಷಧಿ, ಗ್ರಂಥಾಲಯ, ನಿನ್ನ ಚಿಕ್ಕಮ್ಮನ ಮನೆ, ಎಲ್ಲಕ್ಕೂ ಗಾಡಿ ಬೇಕು, ನನ್ನ ಹಳೆಯ ಗೇರಿನ ಗಾಡಿ ಅಮ್ಮನಿಗೆ ಬಗ್ಗುವುದಿಲ್ಲ. ಆದ್ದರಿಂದ ಮೊದಲು ಅಮ್ಮನಿಗೊಂದು ಸ್ಕೂಟರ್, ಆಮೇಲೆ ನನ್ನ ಯಂತ್ರ ಎಂದು ಘೋಷಿಸಿದೆ. ಒಬ್ಬ ಮನುಷ್ಯ ಆಪರೇಷನ್ ತಪ್ಪಿಸಿಕೊಳ್ಳಲು ಎಷ್ಟು ಗಾಡಿಗಳ ಎಂಜಿನ್ ಬಗ್ಗೆ ಓದಬಹುದು ಎಂಬುದಕ್ಕೆ ಮಿತಿಯೇ ಇಲ್ಲ. ಆದರೆ ನನಗೆ ಗೊತ್ತೇ ಇರದಿದ್ದ ಸಂಗತಿ ಒಂದಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ನಿಮ್ಮಮ್ಮ ಗೆಳತಿಯ ಗಾಡಿ ಓಡಿಸುತ್ತಿದ್ದಳಂತೆ, ಲೈಸೆನ್ಸೂ ಇದೆಯಂತೆ, ಕಾಲಕಾಲಕ್ಕೆ ಹೊಸದೂ ಮಾಡಿಸಿಕೊಂಡಿದ್ದಾಳಂತೆ! ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂದರೆ, “ಮುಂದಿನ ಸೀಟು ಯಾವತ್ತು ಖಾಲಿ ಮಾಡಿದ್ರಿ ನೀವು?” ಅಂದಳು.

ಈಗ ಅವಳ ಕಷ್ಟ ಕೇಳು. ನನ್ನನ್ನು ಮನೆಯಲ್ಲಿ ಒಬ್ಬನೇ ಬಿಟ್ಟು ಹೋಗಲು ಭಯ, ಕರೆದುಕೊಂಡು ಹೋಗಲೂ ಭಯ. ಹಿಂದೆ ಕೂತ ಗಂಡ ಯಾವಾಗ ಜೋತುಬೀಳುತ್ತಾನೋ ಮುಂದೆ ಕೂತವಳಿಗೆ ತಿಳಿಯುವುದು ಹೇಗೆ? ಅದಕ್ಕೆ ಅವಳೇ ದಾರಿ ಹುಡುಕಿದಳು. ಸೂಟ್‌ಕೇಸಿಗೆ ಕಟ್ಟುವ ಅಗಲ ಪಟ್ಟಿಯಿಂದ ನಮ್ಮಿಬ್ಬರ ಸೊಂಟ ಸೇರಿಸಿ ಬಿಗಿಯುವುದು, ಮತ್ತು ನಾನು ಬಾಯಿ ಮುಚ್ಚದೆ ಮಾತಾಡುತ್ತಿರುವುದು. ಮದುವೆಯಾದಂದಿನಿಂದ “ಸಾಕು ಸುಮ್ನಿರಿ” ಎಂದು ಹೇಳಿಕೊಂಡು ಬಂದವಳು ಈಗ ಮಾತಾಡು ಎಂದು ಅಪ್ಪಣೆ ಕೊಡಿಸಿದಳು, ನೋಡು ನನ್ನ ಯೋಗ! ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದರೂ ಎಕ್ಸ್‌ಚೇಂಜಿನ ಆ ಹಳೆಯ ನಯವಾದ ದನಿಯಲ್ಲಿ, “ಹಲೋ, ಲೈನಲ್ಲಿದ್ದೀರಾ?” ಎಂದು ಕೇಳುತ್ತಾಳಂತೆ. ಲೈನು ಸತ್ತರೆ ಅವಳಿಗೆ ಶಬ್ದದಲ್ಲೇ ಗೊತ್ತಾಗುತ್ತಿತ್ತಂತೆ. ಇತ್ತ ಫೋನು ಹಿಡಿದವರು ಒಂದೇ ಸಮನೆ ಮಾತಾಡುತ್ತಿದ್ದರೂ ಅತ್ತ ಯಾರೂ ಇಲ್ಲ ಅನ್ನುವುದು ಅವಳ ಕಿವಿಗೆ ಮೊದಲು ತಿಳಿಯುತ್ತಿತ್ತಂತೆ.

ಹೀಗಾಗಿ ನಾವು ಸ್ಕೂಟರ್ ಆರಿಸಿದ ರೀತಿ ಲೋಕದಲ್ಲಿ ಬೇರೆ ಯಾರೂ ಆರಿಸಿರಲಾರರು. ಷೋರೂಮಿನಲ್ಲಿ ಟೈ ಕಟ್ಟಿದ ಮಾರಾಟಗಾರನೊಬ್ಬ ಇದ್ದ, ಮಾತಿನಲ್ಲಿ ನನ್ನ ತಮ್ಮನೇ ಸರಿ. ಪಿಕಪ್ಪು, ಮೈಲೇಜು, ಡಿಕ್ಕಿಯಲ್ಲಿ ಎರಡು ಹೆಲ್ಮೆಟ್ ಹಿಡಿಯುತ್ತದೆ ಎಂದೆಲ್ಲ ನನ್ನ ಕಡೆ ತಿರುಗಿ ಹೇಳುತ್ತಿದ್ದ. ಅಮ್ಮ ಅವನನ್ನು ತಡೆದು, “ಹಿಂದೆ ಕೂತೋರು ಮಾತಾಡಿದ್ರೆ ಮುಂದೆ ಚೆನ್ನಾಗಿ ಕೇಳ್ಸುತ್ತಾ?” ಎಂದಳು. ಅವನು, “ಮೇಡಂ, ನಮ್ಮ ಕಸ್ಟಮರ್ಸ್ ಎಲ್ಲಾ ಕೇಳ್ಸಬಾರ್ದು ಅಂತಾನೇ ಕೇಳ್ತಾರೆ” ಅಂದ. ಮೊದಲು ತೋರಿಸಿದ ಗಾಡಿ ತೀರಾ ಚಿಕ್ಕದು. ನಾವಿಬ್ಬರೂ ಕೂತ ಮೇಲೆ ಗಾಡಿ ಎಲ್ಲಿದೆ ಎಂದು ಹುಡುಕಬೇಕಾಯಿತು, ನನ್ನ ಅರ್ಧ ಭಾಗ ಸೀಟಿನ ಹೊರಗೆ ಬಾಡಿಗೆಗಿತ್ತು. ಎರಡನೆಯದು ದೊಡ್ಡದು, ಸಿಂಹಾಸನದಂಥ ಸೀಟು, ಬೆನ್ನಿಗೆ ದಿಂಬು. ನನಗೆ ಅದೇ ಬೇಕೆನಿಸಿತು, ಬೀಳುವುದಾದರೂ ರಾಜನ ಹಾಗೆ ಬೀಳಬಹುದು. ಆದರೆ ಅಮ್ಮ ಹತ್ತಿ ಕೂತಾಗ ಅವಳ ಹೆಬ್ಬೆರಳು ಮಾತ್ರ ನೆಲ ಮುಟ್ಟಿತು. ಅವಳು ಇಳಿದುಬಿಟ್ಟಳು. ಮೂರನೆಯದು ನಡುಗಾತ್ರದ್ದು, ಬ್ಯಾಟರಿಯದು, ಮಸುಕು ಹಸಿರು ಬಣ್ಣ. ಅಮ್ಮ ಕೂತು, ಚಪ್ಪಲಿ ಬಿಚ್ಚಿ, ಎರಡೂ ಅಂಗಾಲನ್ನು ನೆಲಕ್ಕೆ ಊರಿ ಗಾಡಿಯನ್ನು ಆ ಕಡೆ ಈ ಕಡೆ ವಾಲಿಸಿದಳು. ನಾನು ಹಿಂದೆ ಕೂತ ಮೇಲೆ ಮತ್ತೆ ವಾಲಿಸಿದಳು. ಬ್ಯಾಟರಿಗೆ ಇಷ್ಟು ವರ್ಷದ ಗ್ಯಾರಂಟಿ ಎಂದು ಅವನು ಶುರುಮಾಡಿದ. ಡಾಕ್ಟರೂ ಅವರ ಯಂತ್ರಕ್ಕೆ ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದರು. ನನಗೆ ಬೆವರು ಬಂತು.

ಒಂದು ಸುತ್ತು ಓಡಿಸಿ ನೋಡಿ ಎಂದ. ಮನೆಯಿಂದ ತಂದಿದ್ದ ಪಟ್ಟಿ ಬಿಗಿದುಕೊಂಡು ಹೊರಟೆವು. ಷೋರೂಮಿನ ಹಿಂದಿನ ರಸ್ತೆ, ಒಂದು ಕಡೆ ಗೋದಾಮುಗಳ ಉದ್ದನೆಯ ಗೋಡೆ, ಇನ್ನೊಂದು ಕಡೆ ತೆರೆದ ಮೋರಿ. ಅಮ್ಮನ ಸವಾರಿಯಲ್ಲಿ ಅರ್ಧ ದಾರಿ ‘ಸಾರಿ’ಯಲ್ಲೇ ಕಳೆಯಿತು. ಹಾರ್ನ್ ಹೊಡೆದರೂ ಸಾರಿ, ಹೊಡೆಯದಿದ್ದರೂ ಸಾರಿ, ಅಡ್ಡ ಮಲಗಿದ ನಾಯಿಗೂ ಸಾರಿ. ಅದನ್ನೇ ಹಿಡಿದು ನಾನು ಗೇಲಿ ಮಾಡುತ್ತಿದ್ದೆ. ಈ ಗಾಡಿಗೆ ಶಬ್ದವೇ ಇಲ್ಲ, ಅವಳು ‘ಹೂಂ’ ಅನ್ನುವುದೂ ನನಗೆ ಕೇಳುತ್ತಿತ್ತು. ನಿಮ್ಮಮ್ಮನ ಕಿವಿಯ ಹಿಂದೆ, ಹೆಲ್ಮೆಟ್ಟಿನ ಅಂಚಿನಲ್ಲಿ ಒಂದಿಷ್ಟು ಬಿಳಿಕೂದಲು ಹಾರಾಡುತ್ತಿತ್ತು. ಇದು ಯಾವಾಗ ಬೆಳ್ಳಗಾಯಿತು, ಇಷ್ಟು ವರ್ಷ ಇವಳೇ ನನ್ನ ಬೆನ್ನು ನೋಡುತ್ತಿದ್ದಳಲ್ಲ ಎಂದುಕೊಂಡದ್ದು ನೆನಪಿದೆ.

ಆಮೇಲೆ ನೆನಪಿರುವುದು ಗೋಡೆ. ಅದು ಓರೆಯಾಗಿತ್ತು. ಓರೆಯಾಗಿದ್ದದ್ದು ನನ್ನ ತಲೆ, ಅದು ಅವಳ ಹೆಗಲ ಮೂಳೆಯ ಮೇಲಿತ್ತು. ಗಾಡಿ ನಿಂತಿತ್ತು, ಮೋರಿಯ ಅಂಚಿಗೆ ಒಂದು ಮಾರು ಈಚೆ. ಅವಳ ಎಡಗೈ ನನ್ನ ಎರಡೂ ಕೈಗಳನ್ನು ಅವಳ ಹೊಟ್ಟೆಯ ಮುಂದೆ ಒಟ್ಟಿಗೆ ಹಿಡಿದಿತ್ತು, ಬಲಗೈ ಬ್ರೇಕು ಹಿಡಿದಿತ್ತು. ಗಾಡಿಯ ಭಾರ, ನನ್ನ ಭಾರ, ಎಲ್ಲ ಅವಳ ಎರಡು ಅಂಗಾಲಿನ ಮೇಲೆ. ದೂರದಲ್ಲೆಲ್ಲೋ, ಬಾವಿಯ ತಳದಿಂದ ಬಂದ ಹಾಗೆ, ದನಿ ಕೇಳುತ್ತಿತ್ತು. “ಹಲೋ. ಲೈನಲ್ಲಿದ್ದೀರಾ? ಹಲೋ. ರೀ, ಲೈನಲ್ಲಿದ್ದೀರಾ?” ಕೂಗಲಿಲ್ಲ, ಅಳಲಿಲ್ಲ. ಅದೇ ನಯವಾದ ದನಿ. ಆದರೆ ಅವಳ ಬೆನ್ನು ನಡುಗುತ್ತಿತ್ತು, ನನ್ನ ಕೆನ್ನೆ ಅದರ ಮೇಲಿತ್ತಲ್ಲ, ನನಗೆ ತಿಳಿಯಿತು. “ಇದ್ದೀನಿ” ಅಂದೆ. “ಕಟ್ ಆಗಿತ್ತು” ಅಂದಳು ಅವಳು. ಅಷ್ಟೇ. ಆ ಎರಡನೆಯ ದೊಡ್ಡ ಗಾಡಿಯಾಗಿದ್ದರೆ, ಹೆಬ್ಬೆರಳು ಮಾತ್ರ ಮುಟ್ಟುವ ಆ ಸಿಂಹಾಸನವಾಗಿದ್ದರೆ, ಪಟ್ಟಿಯಲ್ಲಿ ಬಿಗಿದುಕೊಂಡ ಗಂಡಹೆಂಡತಿ ಜೋಡಿಯಾಗಿ ಮೋರಿಯಲ್ಲಿರುತ್ತಿದ್ದೆವು. ನನ್ನ ಜೊತೆ ಅವಳೂ. ಅದನ್ನು ಬರೆಯುವಾಗಲೂ ನನ್ನ ಪೆನ್ನು ನಿಲ್ಲುತ್ತಿದೆ, ಇದು ಹೃದಯದ ತಪ್ಪಲ್ಲ.

ಗಾಡಿ ತಳ್ಳಿಕೊಂಡು ವಾಪಸು ಬಂದೆವು. “ಹೇಗಿತ್ತು ಸರ್ ರೈಡು?” ಎಂದ ಟೈ. ಎಷ್ಟು ಆರಾಮ ಅಂದರೆ ಕಣ್ಣೇ ಮುಚ್ಚಿಬಿಟ್ಟೆ ಅಂದೆ. ಅವನು ಅದನ್ನು ಮುಂದಿನ ಗಿರಾಕಿಗೆ ಹೇಳಲು ಇಟ್ಟುಕೊಂಡ ಹಾಗೆ ತಲೆಯಾಡಿಸಿದ. ಅಮ್ಮ, “ಇದೇ ಇರ್ಲಿ” ಎಂದಳು.

ಅಂದಿನಿಂದ ನನಗೆ ಹಿಂದಿನ ಸೀಟೂ ಬಂದ್. ಅವಳು ಹೊರಗೆ ಹೋಗುವಾಗ ಪಕ್ಕದ ಮನೆಯ ನಿನ್ನ ಸೂಜಿ ಅತ್ತೆ ಬಂದು ನನ್ನನ್ನು ಕಾಯುತ್ತಾಳೆ. ನರ್ಸ್ ಕೆಲಸದಿಂದ ನಿವೃತ್ತಿಯಾದರೂ ಕೈ ನಿವೃತ್ತಿಯಾಗಿಲ್ಲ, ಬಂದ ಕೂಡಲೇ ನಾಡಿ ಹಿಡಿಯುತ್ತಾಳೆ, ಹಿಡಿದುಕೊಂಡೇ ಪೇಪರು ಓದುತ್ತಾಳೆ. ಮನೆಯೊಳಗೂ ವಿಚಾರಣೆ ತಪ್ಪಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗಿಂದ “ಲೈನಲ್ಲಿದ್ದೀರಾ?”, ಪುಸ್ತಕ ಹಿಡಿದು ಕೂತರೆ ಅಡುಗೆಮನೆಯಿಂದ “ಲೈನಲ್ಲಿದ್ದೀರಾ?” ನಿದ್ದೆಯಲ್ಲೂ ಒಮ್ಮೆ ಕೇಳಿದಳು, ಅವಳ ನಿದ್ದೆಯಲ್ಲಿ. ನಾನು ಎದ್ದು “ಇದ್ದೀನಿ” ಅಂದೆ. ಅವಳು ಮಗ್ಗುಲಾದಳು. ನಾನು ಅತ್ತಿತ್ತ ಅಲುಗಾಡದೆ, ಎದೆಯ ಮೇಲೆ ಕೈಯಿಟ್ಟುಕೊಂಡು, ಒಂದೊಂದು ಬಡಿತಕ್ಕೂ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುತ್ತ ಮಲಗಿದ್ದೆ.

ಇದೆಲ್ಲ ಬರೆದಿದ್ದೇನೆಂದು ಅಮ್ಮನಿಗೆ ಗೊತ್ತಿಲ್ಲ. ಸ್ಕೂಟರಿನ ಬಣ್ಣ ಬರೀರಿ, ಅವಳಿಗೆ ಹಸಿರು ಇಷ್ಟ ಎಂದಳು. ಬರೆದಿದ್ದೇನೆ. ನಿನ್ನ ಹೆಡ್‌ಮಾಸ್ಟರಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ಈ ಅಜ್ಜನ ಮುದ್ದು. ಗಂಟಲು ಹುಷಾರು, ಮಫ್ಲರು ನಿನ್ನ ಕುತ್ತಿಗೆಗೇ ಇರಲಿ. ನಿನ್ನ ದಾರಿಯಲ್ಲಿ ಹಂಪುಗಳು ಕಡಿಮೆ ಇರಲಿ, ಇದ್ದವು ಮೊದಲೇ ಕಾಣಲಿ ಎಂದು ಹರಸುವ,

ನಿನ್ನ ಅಪ್ಪ
(ಸೀಟು ಕಳೆದುಕೊಂಡವನು)

ತಾ.ಕ. ಅಮ್ಮ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾಳೆ, ಈ ಕಾಗದ ಅವಳೇ ಡಬ್ಬಿಗೆ ಹಾಕುವವಳು, ಬೇಗ ಮುಗಿಸುತ್ತೇನೆ. ಮೊನ್ನೆ ಅವಳು ಒಬ್ಬಳೇ ಗಾಡಿ ತೆಗೆದುಕೊಂಡು ಹೋದದ್ದನ್ನು ಈ ಕಿಟಕಿಯಿಂದ ನೋಡಿದೆ. ಹಂಪು ದಾಟುವಾಗ ಅವಳ ತುಟಿ ಅಲುಗಿತು, ಕುತ್ತಿಗೆ ಒಂದಿಷ್ಟು ಎಡಕ್ಕೆ ವಾಲಿತು, ಉತ್ತರಕ್ಕೆ ಕಾಯುವವರ ಹಾಗೆ. ಹಿಂದಿನ ಸೀಟು ಖಾಲಿ. ಡಾಕ್ಟರಿಗೆ ಫೋನು ಮಾಡಿ ಆಪರೇಷನ್ನಿಗೆ ಹೂಂ ಅಂದೆ. ಈ ವಾರವಲ್ಲ, ಮುಂದಿನ ವಾರ ಗುರುವಾರ ಬೆಳಿಗ್ಗೆ. ಭಯ ಹೋಗಿಲ್ಲ, ಅದೂ ನನ್ನ ಜೊತೆ ಒಳಗೆ ಬರಲಿ. ಆದರೆ ಆ ರಾತ್ರಿ ಅಮ್ಮನನ್ನು ಆಸ್ಪತ್ರೆಯಲ್ಲಿ ಉಳಿಯಲು ಬಿಡುವುದಿಲ್ಲವಂತೆ, ಸಂಜೆ ಅವಳು ಸ್ಕೂಟರಿನಲ್ಲಿ ಮನೆಗೆ ಬರಬೇಕು. ನೀನು ರಜೆ ಹಾಕಿ ಬಾ. ಹಿಂದೆ ಕೂತುಕೋ. ಅವಳು ಕೇಳಿಯೇ ಕೇಳುತ್ತಾಳೆ, ಏನಾದರೂ ಹೇಳುತ್ತಿರು, ಮಗ್ಗಿಯಾದರೂ ಸರಿ.