ದೋಣಿಯಲ್ಲಿ ಒಡ್ಡಿದ ಬೊಗಸೆ

ಅಪ್ಪಾ,

ಬೌದ್ಧರಾದ ಮೇಲೆ ಮೊದಲ ಸಲ, ಮೊನ್ನೆ ಭಾನುವಾರ, ಬೈಕುಲ್ಲಾದ ನಮ್ಮ ಚಾಳಿನವರೆಲ್ಲ ಕಾನ್ಹೇರಿ ಗುಹೆಗಳಿಗೆ ಹೋಗಿದ್ದೆವು. ಇನ್ನು ಯಾರ ಮುಂದೆಯೂ ಕೈ ಒಡ್ಡುವುದಿಲ್ಲ ಎಂದು ಅಲ್ಲಿನ ಕಲ್ಲಿನ ಬುದ್ಧನ ಎದುರು ನಾನೇ ಭಾಷಣ ಹೊಡೆದೆ. ಬರುವಾಗ ಗುಡ್ಡದ ಕೆಳಗಿನ ಕೆರೆಯಲ್ಲಿ ದೋಣಿ ಹತ್ತಿದೆವು. ಬಾಯಾರಿದೆ ಎಂದೆ. ಹುಟ್ಟು ಹಾಕುತ್ತಿದ್ದ ಮುದುಕ ತನ್ನ ತಂಬಿಗೆಯನ್ನೇ ಚಾಚಿದ. ನನ್ನ ಕೈಗಳು ಅದನ್ನು ಹಿಡಿಯಲಿಲ್ಲ. ಊರಲ್ಲಿ ಗೌಡರು ಮೇಲಿನಿಂದ ಸುರಿಯುವ ನೀರಿಗೆ ಒಡ್ಡುತ್ತಿದ್ದ ಹಾಗೆ, ತಾವಾಗಿಯೇ ಬೊಗಸೆಯಾದವು.

“ತಂಬಿಗಿ ಹಿಡೀರಿ. ಭಾಷಣಾ ಮುಗದು ಇನ್ನಾ ಒಂದ್ ತಾಸ ಆಗಿಲ್ಲ,” ಎಂದು ನಿನ್ನ ಸೊಸೆ ದಾನವ್ವ ನಕ್ಕಳು. ದೋಣಿಯವರೆಲ್ಲ ನಕ್ಕರು.

ಹಿಂದೊಮ್ಮೆ ನೀನು ಇಲ್ಲಿಗೆ ಬಂದಿದ್ದಾಗ, ನನ್ನ ಯೂನಿಯನ್ನಿನ ಗೆಳೆಯರ ಜೊತೆ ನಿನ್ನನ್ನು ಹೋಟೆಲಿಗೆ ಕರೆದೊಯ್ದಾಗ, ನೀನೂ ಹೀಗೆಯೇ ಬೊಗಸೆ ಒಡ್ಡಿದ್ದೆ. “ಗ್ಲಾಸ್ ಹಿಡದು ಮನಷ್ಯಾನಂಗ ಕುಡಿ, ನನ್ನ ಮಾನ ಕಳೀಬ್ಯಾಡ,” ಎಂದು ನಾನು ಎಲ್ಲರೆದುರು ನಿನ್ನ ಮೇಲೆ ಕೂಗಿದೆ. ನೀನು ನೀರು ಮುಟ್ಟದೆ ಎದ್ದೆ. ಮರುದಿನವೇ ಊರಿಗೆಂದು ವಿಜಾಪುರದ ಗಾಡಿ ಹತ್ತಿದೆ. ಮುಂದೆ ನಿನ್ನ ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡಲು ನಾನು ಬಂದು ಮುಟ್ಟಲಿಲ್ಲ.

ಮೊನ್ನೆ ಆ ಮುದುಕ ಏನೂ ಕೇಳಲಿಲ್ಲ. ಹುಟ್ಟು ಬದಿಗಿಟ್ಟು ನನ್ನ ಬೊಗಸೆಗೇ ನೀರು ಸುರಿದ. ನಾನು ಕುಡಿದು ಮುಗಿಸುವವರೆಗೂ ದೋಣಿ ನಿಂತಿತ್ತು. ನನ್ನ ಮೇಲೆ ಯಾರೂ ಕೂಗಲಿಲ್ಲ ಅಪ್ಪಾ.